ಖಾಲಿ ಬಚ್ಚಲಿಗೆ ಯಾರೂ ಕೆಮ್ಮುವುದಿಲ್ಲ

ಇದನ್ನು ನನ್ನ ಮಾವನವರು ಓದುತ್ತಾರೆ. ಓದಲಿ ಎಂದೇ ಬರೆಯುತ್ತಿದ್ದೇನೆ. ಅಚ್ಚಾದ ಕನ್ನಡ ಯಾವುದು ಕೈಗೆ ಸಿಕ್ಕರೂ, ಚುರಮುರಿ ಕಟ್ಟಿಕೊಟ್ಟ ಕಾಗದವಾದರೂ ಸರಿ, ಬಿಡಿಸಿ ಓದುವ ಮನುಷ್ಯ ಅವರು. ಅದೂ ಕಿಟಕಿಯ ಬೆಳಕಿನಲ್ಲಿ. ಸಂಜೆಯಾಗಿ ಅಕ್ಷರ ಕಾಣದಂತಾದರೆ ಓದುವುದನ್ನು ನಿಲ್ಲಿಸುತ್ತಾರೆಯೇ ಹೊರತು ದೀಪ ಹಚ್ಚುವುದಿಲ್ಲ.

ವಿಜಯಪುರದ ಕಡೆಯಿಂದ ಹುಡುಗನಾಗಿ ಪುಣೆಗೆ ಬಂದು, ಒಂದೇ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲಿಯೇ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಕಚೇರಿಯಲ್ಲಿ ಅವರ ಮಾತನ್ನು ಎಷ್ಟು ಜನ ಕೇಳುತ್ತಿದ್ದರೋ ಗೊತ್ತಿಲ್ಲ. ಮನೆಯಲ್ಲಿ ಸ್ವಿಚ್ಚುಗಳೆಲ್ಲ ಕೇಳುತ್ತಿದ್ದವು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ದೀಪ ಆರಿತು. ಕರೆಂಟ್ ಹೋಯಿತೇನೋ ಎಂದು ತಿರುಗಿ ನೋಡಿದರೆ ಬಾಗಿಲಲ್ಲಿ ಮಾವನವರ ಬೆನ್ನು. "ಗ್ಯಾಸಿನ ಬೆಳಕ ಬೀಳತದಲ್ಲ, ಸಾಕು," ಎಂದು ಹೇಳುತ್ತಾ ಹೋದರು. ಮಲಗುವ ಮುಂಚೆ ಫ್ರಿಜ್ ಬಂದ್ ಮಾಡುತ್ತಿದ್ದರು. ಬೆಳಿಗ್ಗೆ ಹಾಲು ಒಡೆದರೆ ಬೈಗುಳವೆಲ್ಲ ಹಾಲಿನವನಿಗೆ. ದೀಪಾವಳಿಯಲ್ಲಿ ಗ್ಯಾಲರಿಗೆ ಆಕಾಶಬುಟ್ಟಿ ಕಟ್ಟುತ್ತಿದ್ದೆವು. ಎದುರಿನ ಬಿಲ್ಡಿಂಗಿನವರು ನೋಡಿದರೆಂದು ಖಾತ್ರಿಯಾದ ಕೂಡಲೇ ಒಳಗಿನ ಬಲ್ಬನ್ನು ಟವೆಲ್ಲಿನಲ್ಲಿ ಹಿಡಿದು ಬಿಚ್ಚಿ ಒಳಗೆ ತಂದಿಡುತ್ತಿದ್ದರು.

ಇಷ್ಟೆಲ್ಲ ಮಾಡುವವರು ತಮಗೂ ಅದನ್ನೇ ಅನ್ವಯಿಸಿಕೊಂಡಿದ್ದರೆ ಕೈಮುಗಿಯುತ್ತಿದ್ದೆ. ಆದರೆ ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಮಧ್ಯಾಹ್ನ ಊಟವಾದ ಮೇಲೆ ಮರಾಠಿ ಸುದ್ದಿ ಹಚ್ಚಿ, ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದರು. ಟಿವಿ ಆರಿಸಿದರೆ ಮಾತ್ರ ತಟ್ಟನೆ ಎಚ್ಚರ. "ಕೇಳಲಿಕತ್ತೀನಿ," ಎನ್ನುತ್ತಿದ್ದರು. ಅವರ ಸ್ನಾನಕ್ಕೆ ಬಕೀಟು ತುಂಬ ಹೊಗೆಯಾಡುವ ನೀರು ಬೇಕು, ಹಿರಿಯರ ಮೈ ನೋಡಿ. ನಾವು ಯಾರಾದರೂ ತುಟಿ ಬಿಚ್ಚಿದರೆ ಅವರದೊಂದು ಮಾತು ತಯಾರಿತ್ತು: "ಕರೆಂಟೇನು ನಿಮ್ಮಪ್ಪಂದೇನು?" ಗಂಡನಿಗೆ ಆ ಮಾತು ತಾಗುತ್ತಿರಲಿಲ್ಲ, ಅವನಪ್ಪ ಎದುರಿಗೇ ಇದ್ದರು. ನನಗೆ ತಾಗುತ್ತಿತ್ತು. ನನ್ನಪ್ಪ ಬಾರಾಮತಿಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ನೋಡುವ ಕೆಲಸದಲ್ಲಿದ್ದ. ಅವ್ವ ತೀರಿಕೊಂಡ ಮೇಲೆ ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುತ್ತಿದ್ದ ಮನುಷ್ಯ. ಒಂದು ದೀಪದ ಸಲುವಾಗಿ ಅವನನ್ನು ದಿನಾಲೂ ಪುಣೆಗೆ ಎಳೆದು ತಂದು ನಮ್ಮ ಪಡಸಾಲೆಯಲ್ಲಿ ನಿಲ್ಲಿಸುತ್ತಿದ್ದರು.

ಈಗ ಕೆಮ್ಮಿನ ವಿಷಯ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಒಂದು ರೂಢಿಯಿದೆ. ಹೆಣ್ಣುಮಕ್ಕಳು ಇರುವ ಕಡೆಗೆ ಹಿರಿಯ ಗಂಡಸರು ಸುಮ್ಮನೆ ಬರುವುದಿಲ್ಲ, ಕೆಮ್ಮಿ ಬರುತ್ತಾರೆ. ಸೊಸೆಯರು ಸೆರಗು ಸರಿಮಾಡಿಕೊಳ್ಳಲಿ, ಕಾಲು ಚಾಚಿದ್ದವರು ಮಡಚಿಕೊಳ್ಳಲಿ ಎಂದು. ಮಾವನವರು ಪುಣೆಗೆ ಬಂದು ಇಷ್ಟು ವರ್ಷವಾದರೂ, ಮನೆ ಅಂಗೈಯಗಲ ಇದ್ದರೂ, ಆ ರೂಢಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅಡುಗೆಮನೆಗೆ ಬರುವ ಮುಂಚೆ ಒಂದು ಕೆಮ್ಮು. ನಮ್ಮ ಕೋಣೆಯ ಮುಂದೆ ಹಾಯುವಾಗ ಒಂದು ಕೆಮ್ಮು. ಗಂಟಲಲ್ಲಿ ಎರಡು ಸಲ ಗುರ್ ಗುರ್ ಎಂದು, ಆಮೇಲೆ ಒಣದಾಗಿ ಒಂದು. ಯಾರೂ ಇಲ್ಲದ ಕೋಣೆಗೆ ಹೋಗುವಾಗ ಮಾತ್ರ ಕೆಮ್ಮುತ್ತಿರಲಿಲ್ಲ. ಅದನ್ನು ನಾನು ಚೆನ್ನಾಗಿ ಗಮನಿಸಿದ್ದೆ, ಏಕೆಂದರೆ ಆ ಮನೆಯಲ್ಲಿ ದೀಪದ ಕೆಳಗೆ ಕೂತವರ ಕಿವಿ ಯಾವಾಗಲೂ ಆ ಕೆಮ್ಮಿನ ಕಡೆಗೇ ಇರುತ್ತಿತ್ತು.

ನನ್ನ ಮಗಳು ಹುಟ್ಟಿದ್ದು ಚಳಿಗಾಲದಲ್ಲಿ. ತವರಿನಲ್ಲಿ ಬಾಣಂತನ ಮಾಡಲು ಅವ್ವ ಇರಲಿಲ್ಲವಾದ್ದರಿಂದ ಪುಣೆಯಲ್ಲೇ ಉಳಿದೆ. ಅತ್ತೆಯವರೇ ನೀರು ಎರೆಯುತ್ತಿದ್ದರು, ಅದಕ್ಕೆ ಅವರಿಗೆ ಋಣಿ. ಸಂಕ್ರಾಂತಿಯ ದಿನಗಳಲ್ಲಿ ಅವರು ಕಾತ್ರಜದ ಬೀಗರ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಬೇಕಾಯಿತು. ಗಂಡ ಆಫೀಸಿನಲ್ಲಿದ್ದ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಅಗ್ಗಿಷ್ಟಿಗೆಯಲ್ಲಿ ಕೆಂಡ ಮಾಡಿ, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕಿಟ್ಟು, ನಾನೇ ಎರಕೊಳ್ಳಲು ಕೂತೆ. ನಮ್ಮದು ನೀರು ಬಂದ ಹಾಗೆ ಕಾಯಿಸುವ ಸಣ್ಣ ಗೀಸರು. ಕರೆಂಟ್ ನಿಂತರೆ ಮರುಗಳಿಗೆಗೆ ತಣ್ಣೀರು. ಅದರ ಸ್ವಿಚ್ಚು ಬಚ್ಚಲ ಹೊರಗೆ.

ತಲೆ ತುಂಬ ಸೀಗೆಕಾಯಿ ಹಚ್ಚಿಕೊಂಡಿದ್ದೆ. ಬಾಗಿಲಾಚೆ ಗುರ್ ಗುರ್ ಎಂದು ಎರಡು ಸಲ, ಆಮೇಲೆ ಒಣದಾಗಿ ಒಂದು. ಕೂಡಲೇ ಟಕ್ ಎಂದು ಸ್ವಿಚ್ಚಿನ ಸಪ್ಪಳ. ಪುಣೆಯ ಜನವರಿಯ ನೀರು ಬೆನ್ನ ಮೇಲೆ ಬಿತ್ತು. "ಮಾವಾರ, ನಾ ಒಳಗಿದ್ದೀನ್ರಿ! ಚಾಲೂ ಮಾಡ್ರಿ!" ಎಂದು ಕೂಗಿದೆ. ಮತ್ತೂ ಕೂಗಿದೆ. ಚಪ್ಪಲಿಯ ಸಪ್ಪಳ ದೂರ ಹೋಯಿತು, ಹೊರಬಾಗಿಲು ಮುಚ್ಚಿತು. ಹಾಗೇ ಬರುವಂತಿರಲಿಲ್ಲ, ಕಣ್ಣಿಗೆಲ್ಲ ಸೀಗೆಪುಡಿ. ಹಲ್ಲು ಕಡಿಯುತ್ತ ಆ ತಣ್ಣೀರಿನಲ್ಲೇ ತಲೆ ತೊಳೆದುಕೊಂಡೆ.

ಮರುದಿನದಿಂದ ಜ್ವರ ಹಿಡಿಯಿತು. ಆಸ್ಪತ್ರೆಗೆ ಸೇರಿಸಿದರು. ಕೂಸಿಗೆ ಬಾಟಲಿ ಹಾಲು ರೂಢಿಯಾಯಿತು, ನಾನು ಮನೆಗೆ ಬರುವ ಹೊತ್ತಿಗೆ ಅದು ನನ್ನ ಎದೆಗೆ ಬಾಯಿ ಹಾಕಲಿಲ್ಲ. ಸೋಂಕಿನಿಂದ ಬಂದ ಜ್ವರ, ತಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿಜವೇ ಇರಬೇಕು, ಅವರು ಓದಿದವರು. ಜ್ವರಕ್ಕೆ ಮಾವನವರು ಕಾರಣರಲ್ಲ ಎಂದು ಬೇಕಾದರೆ ಬರೆದುಕೊಡುತ್ತೇನೆ. ಸ್ವಿಚ್ಚಿಗೆ ಕಾರಣ ಅವರೇ.

ಅವರು ಏನು ಹೇಳಿದರು ಗೊತ್ತೇ? "ಒಳಗ ಮಂದಿ ಅದಾರಂತ ನನಗೇನ ಗೊತ್ತು? ಖಾಲಿ ಅದ ಅಂತ ತಿಳದು ಬಂದ್ ಮಾಡಿದೆ." ಮುಗಿಯಿತು. ಗಂಡ ನಂಬಿದ. ಅತ್ತೆಯವರು ನಂಬಿದ್ದಷ್ಟೇ ಅಲ್ಲ, ಬಂದವರ ಮುಂದೆ ಅದನ್ನೊಂದು ತಮಾಷೆಯ ಕಥೆ ಮಾಡಿಕೊಂಡರು. "ನಮ್ಮವರ ಕೈಗೆ ಬಾಣಂತಿನೂ ತಪ್ಪಲಿಲ್ಲ ನೋಡ್ರಿ. ಪಾಪ, ಖಾಲಿ ಅದ ಅಂತ ತಿಳದಾರ!" ಬಂದವರು ನಗುತ್ತಿದ್ದರು. ನಾನು ಅವರಿಗೆ ಚಹಾ ಕೊಡುತ್ತಿದ್ದೆ. ಕೆಮ್ಮಿದ್ದು ಕೇಳಿಸಿತ್ತು ಎಂದು ಒಮ್ಮೆ ಗಂಡನಿಗೆ ಹೇಳಿದೆ. "ವಯಸ್ಸಾದವರು, ಧೂಳಿಗೆ ಕೆಮ್ಮಿರ್ತಾರ, ಬಿಡು," ಎಂದ. ಖಾಲಿ ಬಚ್ಚಲಿಗೆ ಯಾರಾದರೂ ಕೆಮ್ಮುತ್ತಾರೆಯೇ? ಆ ಮನುಷ್ಯನಿಗೆ ನಾನು ಒಳಗಿದ್ದದ್ದು ಗೊತ್ತಿತ್ತು. ಗೊತ್ತಿದ್ದೇ ಮರ್ಯಾದೆಗೆ ಕೆಮ್ಮಿ, ಗೊತ್ತಿದ್ದೇ ಬಂದ್ ಮಾಡಿದರು. ನನಗೆ ಕ್ಷಮೆ ಬೇಕಿರಲಿಲ್ಲ. "ಗೊತ್ತಿತ್ತು" ಎಂಬ ಒಂದು ಮಾತು, ಮನೆಮಂದಿಯ ಎದುರಿಗೆ, ಅವರ ಬಾಯಿಂದಲೇ ಬರಬೇಕಿತ್ತು. ಹೊಟ್ಟೆಗೆ ಹಾಕಿಕೋ ಎಂದವರಿಗೆಲ್ಲ ಹೂಂ ಎಂದೆ. ಹಾಕಿಕೊಳ್ಳಲಿಲ್ಲ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಶಾಲೆಗಳಿಗಾಗಿ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿ. ನನ್ನ ಕೆಲಸ ಆಟದೊಳಗಿನ ಮಾತು ಬರೆಯುವುದು, ಕನ್ನಡಕ್ಕೂ ಮರಾಠಿಗೂ. ಅಲ್ಲಿ ನನ್ನ ಮೇಲೆ ಇದ್ದವಳು ಮೈಸೂರಿನ ಹುಡುಗಿ, ನನಗಿಂತ ಬಹಳ ಚಿಕ್ಕವಳು. ಕರೆಂಟ್ ಉಳಿಸುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುವ ಆಟವೊಂದು ಬೇಕೆಂದು ಒಂದು ಸಂಸ್ಥೆ ಕೇಳಿದಾಗ ಅವಳು ನನ್ನನ್ನು ಕರೆದಳು.

"ಮೇಡಂ, ಒಬ್ಬ ವಿಲನ್ ಬೇಕು. ಕರೆಂಟ್ ತಿನ್ನೋ ರಾಕ್ಷಸ ಥರ ಏನಾದ್ರೂ ಮಾಡೋಣ್ವಾ?"

"ರಾಕ್ಷಸ ಬೇಡ," ಎಂದೆ. "ಒಂದು ಮನೆ ಮಾಡೋಣ. ಮನೆಯಲ್ಲೊಬ್ಬ ಮುದುಕ."

ಎಂಥ ಮುದುಕ ಎಂದು ಕೇಳಿದಳು. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ತಲೆಗೆ ಮಂಕಿ ಕ್ಯಾಪು, ಹೆಗಲಿಗೆ ಟವೆಲ್ಲು. ಜನ ಕೂತಿರುವ ಕೋಣೆಗಳ ದೀಪ ಆರಿಸುತ್ತ ಅಲೆಯುತ್ತಾನೆ, ತನ್ನ ಟಿವಿ ಮಾತ್ರ ಆರಿಸುವುದಿಲ್ಲ. ಒಳಗೆ ಜನರಿರುವ ಪ್ರತಿ ಬಾಗಿಲಲ್ಲೂ ಕೆಮ್ಮುತ್ತಾನೆ, ಖಾಲಿ ಕೋಣೆಗೆ ಕೆಮ್ಮುವುದಿಲ್ಲ. ಕೆಮ್ಮುವುದಕ್ಕೆ ಸ್ಟುಡಿಯೋದಿಂದ ಒಬ್ಬ ನಟನನ್ನು ಕರೆಸಿದರು. ಅವನು ಕ್ಷಯದ ರೋಗಿಯಂತೆ ಕೆಮ್ಮಿ ಹೋದ. ಕೊನೆಗೆ ನಾನೇ ಅಡುಗೆಮನೆಯಲ್ಲಿ ಫೋನಿಟ್ಟು, ಮಾವನವರು ಚಹಾಕ್ಕೆ ಬರುವಾಗ ಅವರ ಕೆಮ್ಮನ್ನೇ ಹಿಡಿದು ತಂದೆ. ಗುರ್ ಗುರ್ ಎರಡು, ಒಣದೊಂದು. ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಲೆಕ್ಕಾಚಾರ ಹೀಗಿತ್ತು. ಮಕ್ಕಳು ಆ ಮುದುಕನನ್ನು ನೋಡಿ ನಗುತ್ತವೆ. ನನ್ನ ಮಗಳು ಮನೆಯಲ್ಲಿ ಆಡುತ್ತಾಳೆ, ಪಕ್ಕದಲ್ಲಿ ಕೂತ ಅಜ್ಜ ನೋಡುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲೇಬೇಕು. ಮುಟ್ಟಿಕೊಂಡ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಇಷ್ಟು ಸಾಕಾಗಿತ್ತು ನನಗೆ ಆಗ.

ತಳೇಗಾಂವ ದಾಭಾಡೆಯ ಒಂದು ಶಾಲೆಯಲ್ಲಿ ಮೊದಲು ಆಡಿಸಿ ನೋಡಿದೆವು. ಮಕ್ಕಳಿಗೆ ಮುದುಕ ಎಂದರೆ ಪಂಚಪ್ರಾಣವಾಗಿಬಿಟ್ಟ. ಅವನ ಹಿಂದೆ ಹಿಂದೆ ಓಡಿ ಕಂಡ ಕಂಡದ್ದನ್ನೆಲ್ಲ ಬಂದ್ ಮಾಡುತ್ತಿದ್ದರು, ಅಂಕದ ಮೇಲೆ ಅಂಕ ಬೀಳುತ್ತಿತ್ತು. ಪರದೆಯ ಮೇಲೆ ಒಂದು ಹುಡುಗಿ ಕತ್ತಲಲ್ಲಿ ಓದುತ್ತಿದ್ದಳು, ಒಬ್ಬ ಹೆಂಗಸು ಕತ್ತಲಲ್ಲಿ ತರಕಾರಿ ಹೆಚ್ಚುತ್ತಿದ್ದಳು, ಆದರೂ ಆಟ "ಶಾಬ್ಬಾಸ್" ಎನ್ನುತ್ತಿತ್ತು. "ಆಜೋಬಾ! ಆಜೋಬಾ!" ಎಂದು ಇಡೀ ತರಗತಿ ಮರಾಠಿಯಲ್ಲಿ ಅಜ್ಜನನ್ನು ಕೂಗಿತು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಮಸೆಯುತ್ತಿದ್ದೆ.

ಮನೆಯಲ್ಲಿ ಅದಕ್ಕಿಂತ ಅನ್ಯಾಯ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಮಗಳು ಆಡಿದಳು. ಅಜ್ಜ ಕನ್ನಡಕ ಹಾಕಿಕೊಂಡು ಕೂತರು. ಅದೇ ಟೋಪಿ, ಅದೇ ಟವೆಲ್ಲು, ತಮ್ಮದೇ ಗಂಟಲಿನ ಕೆಮ್ಮು. ಹೆಗಲು ಮುಟ್ಟಿಕೊಳ್ಳುವುದಿರಲಿ, ಆ ಮನುಷ್ಯ ಮುಖವರಳಿಸಿಕೊಂಡು ನನ್ನನ್ನೇ ಕರೆದರು.

"ಏನವಾ, ಇದನ್ನ ಬರದಾಕಿ ನೀನs ಏನು? ಈ ಮನಶ್ಯಾ ಭಾಳ ಶಾಣ್ಯಾ ಇದ್ದಾನ ನೋಡು. ಇಂಥಾವ್ರು ಮನಿಗೊಬ್ಬರಿದ್ರ ದೇಶ ಉದ್ಧಾರ ಆಗತದ."

"ಹೌದ್ರಿ ಮಾವಾರ," ಎಂದು ಒಳಗೆ ಹೋದೆ. ಆ ದಿನ ಚಟ್ನಿ ಕುಟ್ಟಿದ ಒರಳಿಗೆ ಜೀವವಿದ್ದಿದ್ದರೆ ನನ್ನ ಮೇಲೆ ಕೇಸು ಹಾಕುತ್ತಿತ್ತು. ಅಂದಿನಿಂದ ಅವರು ಆ ಮುದುಕನ ಭಕ್ತರಾದರು. ಮೊಮ್ಮಗಳು ಶಾಲೆಯಿಂದ ಬರುವುದನ್ನೇ ಕಾದು ಕೂತಿರುತ್ತಿದ್ದರು. "ಬಾ, ನಮ್ಮ ಮುದುಕನ್ನ ಆಡಸೋಣು," ಎನ್ನುತ್ತಿದ್ದರು. ನಮ್ಮ ಮುದುಕ!

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ತಪ್ಪು ಆಟದಲ್ಲೇ ಇತ್ತು. ಬಂದ್ ಮಾಡಿದ್ದಕ್ಕೆಲ್ಲ ಅಂಕ ಕೊಟ್ಟರೆ ಗೆಲ್ಲುವವನು ನನ್ನ ಮಾವನೇ. ಮನೆಯಲ್ಲಿ ಅಷ್ಟು ವರ್ಷದಿಂದ ಗೆಲ್ಲುತ್ತಾ ಬಂದದ್ದೂ ಹಾಗೆಯೇ. ಆದರೆ ಆ ಗೆಲುವಿನಿಂದ ನಮ್ಮಲ್ಲಿ ಯಾರಿಗೆ ಉಳಿಸುವ ಅಭ್ಯಾಸ ಬಂದಿತ್ತು? ಅವರು ಯಾವುದಾದರೂ ಮದುವೆಗೆ ವಿಜಯಪುರಕ್ಕೆ ಹೋದ ದಿನ ನಮ್ಮ ಮನೆಯಲ್ಲಿ ದೀಪಾವಳಿ. ಎಲ್ಲ ಕೋಣೆಯ ದೀಪ, ಎಲ್ಲ ಫ್ಯಾನು, ಅತ್ತೆಯವರು ಸಹ ಗ್ಯಾಲರಿಯ ಬಲ್ಬು ಹಚ್ಚಿ ಕೂರುತ್ತಿದ್ದರು. ಹೆದರಿಸಿ ಉಳಿಸಿದ್ದು ಹೆದರಿಸುವವನು ಬೆನ್ನು ತಿರುಗಿಸುವವರೆಗೆ ಮಾತ್ರ.

ಮೈಸೂರಿನ ಹುಡುಗಿಗೆ ಇದನ್ನೇ ಹೇಳಿದೆ. ಪರದೆಯ ಮೇಲೆ ಉಳಿತಾಯದ ಏರಿಳಿತ ತೋರಿಸುವ ಒಂದು ಪಟ್ಟಿಯಿದೆ, ಅದರ ಕೆಳಗೆ ಇನ್ನೊಂದು ಬೇಕು, ಅದಕ್ಕೆ ನೆಮ್ಮದಿ ಎಂದು ಹೆಸರಿಡೋಣ ಎಂದೆ. ಖಾಲಿ ಕೋಣೆಯ ಫ್ಯಾನು ಆರಿಸಿದರೆ ಉಳಿತಾಯ ಏರುತ್ತದೆ, ನೆಮ್ಮದಿಗೆ ಏನೂ ಆಗುವುದಿಲ್ಲ. ಓದುವ ಹುಡುಗಿಯ ದೀಪ ಆರಿಸಿದರೆ ಉಳಿತಾಯ ಏರುತ್ತದೆ, ನೆಮ್ಮದಿ ಇಳಿಯುತ್ತದೆ. ನೆಮ್ಮದಿ ಪೂರ್ತಿ ಬರಿದಾದರೆ ಎಷ್ಟೇ ಉಳಿಸಿರಲಿ, ಆ ಮನೆ ಸೋತಂತೆ.

"ಆದ್ರೆ ಮೇಡಂ, ನಮ್ ಗೇಮ್ ಇರೋದು ಎನರ್ಜಿ ಬಗ್ಗೆ ಅಲ್ವಾ?"

"ಅದಕ್ಕೇ ಹೇಳುತ್ತಿದ್ದೇನೆ. ಇನ್ನೊಬ್ಬರ ಮೈ ನಡುಗಿಸಿ ಉಳಿಸಿದ್ದು ಉಳಿಯುವುದಿಲ್ಲಮ್ಮ. ನಾಳೆ ಎರಡರಷ್ಟು ಖರ್ಚಾಗುತ್ತದೆ."

ಅವಳಿಗೆ ಒಪ್ಪಿಗೆಯಾಯಿತು. ಆಟ ಚೆನ್ನಾಗಿಯೂ ಬಂತು. ಈಗ ಮಕ್ಕಳು ಮುದುಕನ ಹಿಂದೆ ಕಣ್ಣುಮುಚ್ಚಿ ಓಡುವಂತಿರಲಿಲ್ಲ, ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ನೋಡಬೇಕಿತ್ತು. ಇದೆಲ್ಲ ಮಕ್ಕಳ ಒಳ್ಳೆಯದಕ್ಕೆ ಎಂದು ಮೀಟಿಂಗಿನಲ್ಲಿ ಹೇಳಿದೆ. ಸುಳ್ಳಲ್ಲ. ಆದರೆ ನನ್ನ ಕಣ್ಣಿದ್ದದ್ದು ಒಬ್ಬ ಮುದುಕನ ಮೇಲೆ.

ಆಮೇಲೆ ಬಚ್ಚಲಿನ ಹಂತವನ್ನು ಬರೆದೆ. ಬೆಳಗಿನ ಹೊತ್ತು, ತೊಟ್ಟಿಲಲ್ಲಿ ಕೂಸು, ಮುಚ್ಚಿದ ಬಚ್ಚಲ ಬಾಗಿಲು, ಗೀಸರಿನ ಕೆಂಪು ದೀಪ. ಮುದುಕ ಆ ಕಡೆ ಬರುತ್ತಾನೆ. ನೀರಿನ ಸಪ್ಪಳ ಹಾಕಲಿಲ್ಲ, ಅಗ್ಗಿಷ್ಟಿಗೆ ಬರೆಸಲಿಲ್ಲ. ಮಾವನವರು ಮನೆಮಂದಿಗೆ ಹೇಳಿದ್ದು ಹೇಗಿತ್ತೋ ಹಾಗೆಯೇ ಇಟ್ಟೆ: ಒಂದು ಮುಚ್ಚಿದ ಬಾಗಿಲು, ಒಂದು ದೀಪ, ಒಳಗೆ ಯಾರಿದ್ದಾರೋ ಗೊತ್ತಿಲ್ಲ. ಇನ್ನೊಂದು ಕೆಲಸ ಮಾಡಿದೆ. ಇಡೀ ಆಟದಲ್ಲಿ ಜನರಿರುವ ಪ್ರತಿ ಬಾಗಿಲಿಗೂ ಕೆಮ್ಮುವ ಮುದುಕ, ಈ ಒಂದು ಬಾಗಿಲಿಗೆ ಕೆಮ್ಮದಂತೆ ಮಾಡಿಸಿದೆ.

"ಮೇಡಂ, ಈ ಲೆವೆಲ್‌ನಲ್ಲಿ ಕೆಮ್ಮು ಪ್ಲೇ ಆಗ್ತಿಲ್ಲ. ಬಗ್ ಅಂತ ಹಾಕ್ಲಾ?"

"ಬಗ್ ಅಲ್ಲ. ಇರಲಿ."

ಕೆಮ್ಮಿದ್ದರೆ ಅವರಿಗೆ ತಮ್ಮ ಗುಟ್ಟು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೆಮ್ಮದಿದ್ದರೆ? ಸುಳ್ಳು ಹೇಳುವುದು, ಕಳ್ಳನಂತೆ ಸ್ವಿಚ್ಚು ಮುಟ್ಟುವುದು, ಅದೆಲ್ಲ ಅವರಿಗೆ ನಡೆಯುತ್ತಿತ್ತು. ಆದರೆ ಮರ್ಯಾದೆಗೇಡಿ ಎನಿಸಿಕೊಳ್ಳುವುದನ್ನು ಆ ಮನುಷ್ಯ ತಡೆದುಕೊಳ್ಳಲಾರರು ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಅಷ್ಟನ್ನೂ ಕಲಿಯದಿದ್ದರೆ ಹೇಗೆ?

ಭಾನುವಾರ ಸಂಜೆ ಎಲ್ಲರೂ ಪಡಸಾಲೆಯಲ್ಲಿದ್ದರು. ಅತ್ತೆಯವರು ಮೊರದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಗಂಡ ಅವರ ಪಕ್ಕ ಫೋನು ನೋಡುತ್ತಿದ್ದ. ಮೊಮ್ಮಗಳ ಕಣ್ಣು ಹಾಳಾಗುತ್ತದೆ ಎಂದು ಟ್ಯೂಬ್‌ಲೈಟಿಗೆ ಅಂದು ಅಪ್ಪಣೆಯಾಗಿತ್ತು. ಹೊಸ ಹಂತ ಬಂದಿದೆ, ಆಡಿ ನೋಡು ಎಂದು ಮಗಳಿಗೆ ಹೇಳಿ ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ನಿಂತೆ. ಬಾಗಿಲಿನಿಂದ ಟಿವಿ ಕಾಣುತ್ತಿತ್ತು.

ಮುದುಕ ಬಚ್ಚಲ ಕಡೆ ನಡೆದ. ಮಗಳು ಅವನನ್ನು ತಡೆಯಲಿಲ್ಲ. ಏಕೆ ತಡೆದಾಳು? ಬಾಗಿಲು ಮುಚ್ಚಿತ್ತು, ಸಪ್ಪಳವಿರಲಿಲ್ಲ, ಕೆಮ್ಮಿರಲಿಲ್ಲ. ಮುದುಕ ಸ್ವಿಚ್ಚು ಒತ್ತಿದ. ಒಳಗಿನಿಂದ ಒಂದು ಹೆಣ್ಣಿನ ಚೀರಾಟ. ಬಾಗಿಲು ತೆರೆದು, ಒದ್ದೆ ಸೀರೆ ಸುತ್ತಿಕೊಂಡ ಬಾಣಂತಿ ಗಡಗಡ ನಡುಗುತ್ತ ಹೊರಬಂದಳು. ನೆಮ್ಮದಿಯ ಪಟ್ಟಿ ಸರ್ರನೆ ಬರಿದಾಯಿತು. ಮನೆ ಸೋತಿತು.

"ಇದು ಚೀಟಿಂಗ್, ಮಮ್ಮಿ!" ಮಗಳು ಎದ್ದು ನಿಂತಳು. "ಒಳಗ ಯಾರರೆ ಇದ್ದಾರಂತ ಹೆಂಗ ಗೊತ್ತಾಗಬೇಕು?"

"ಆ ಮುದುಕಗೂ ಗೊತ್ತಿರಲಿಲ್ಲವ್ವಾ, ಪಾಪ," ಎಂದೆ ಅಡುಗೆಮನೆಯಿಂದಲೇ. "ಖಾಲಿ ಅದ ಅಂತ ತಿಳದಾನ."

ಅತ್ತೆಯವರು ಫಕ್ಕನೆ ನಕ್ಕರು. ಅವರದೇ ಕಥೆಯಲ್ಲವೇ ಅದು. ಮಾವನವರು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ತಪ್ಪದ," ಎಂದರು. "ಈ ಮನಶ್ಯಾ ಎಲ್ಲಾ ಕಡೆ ಕೆಮ್ಮಿ ಹೋಗತಾನ. ಇಲ್ಲೆ ಯಾಕ ಕೆಮ್ಮಲಿಲ್ಲ? ಹೆಣ್ಣಮಗಳು ಎರಕೊಳ್ಳಾಕತ್ತಾಗ ಸುಮ್ನ ಹೋಗಿ ಬಾಗಲದಾಗ ನಿಂದ್ರಲಿಕ್ಕೆ ಅವನೇನ ನಡತಿಗೆಟ್ಟಾವೇನು?"

ನಾನು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದೆ. "ಒಳಗ ಯಾರೋ ಇದ್ದಾರಂತ ಗೊತ್ತಿದ್ರ ಅಲ್ರೀ ಮಾವಾರ, ಕೆಮ್ಮೋದು?"

"ಗೊತ್ತಿಲ್ಲದ ಏನಾತು!" ಅವರ ದನಿ ಏರಿತು. ಕಚೇರಿಯಲ್ಲಿ ತಪ್ಪು ಫೈಲು ತಂದವರಿಗೆ ಹೀಗೆಯೇ ಹೇಳುತ್ತಿದ್ದರೇನೋ. "ಬಾಣಂತಿ ಇದ್ದ ಮನಿ. ಅಜವಾನದ ಹೊಗಿ ಮನಿ ತುಂಬ ಇರತದ. ಗೊತ್ತs ಇರತದ. ಗೊತ್ತಿದ್ದಮ್ಯಾಲೆ ಕೆಮ್ಮಿ ಹೋಗಬೇಕು, ಅದು ಮನಿತನದ ಮರ್ಯಾದಿ. ನಾ ಏನ ಆವತ್ತ ಕೆಮ್ಮದ ಹೋಗಿದ್ನೇನು? ಕೆಮ್ಮೇ ಹೋಗಿದ್ದೆ!"

ಮೆಂತ್ಯದ ಕಡ್ಡಿ ಮುರಿಯುವ ಸಪ್ಪಳ ನಿಂತಿತು.

"ಯಾವತ್ತ?" ಎಂದರು ಅತ್ತೆಯವರು.

ಗಂಡ ಫೋನು ಕೆಳಗಿಟ್ಟ. ಅಪ್ಪನ ಮುಖವನ್ನು ನೋಡಿದ, ಆಮೇಲೆ ನನ್ನ ಮುಖವನ್ನು. ಬಹಳ ವರ್ಷದ ಮೇಲೆ ಅವನು ಹಾಗೆ ನನ್ನನ್ನು ನೋಡಿದ್ದು.

"ಯಾವತ್ತ ರೀ?" ಅತ್ತೆಯವರು ಮತ್ತೆ ಕೇಳಿದರು. "ಖಾಲಿ ಅದ ಅಂತ ತಿಳದಿದ್ದೆ ಅಂತಂದ್ರೆಲ್ಲ ನೀವು?"

"ಅಜ್ಜಾ, ಯಾರು ಇದ್ರು ಒಳಗ?" ಮಗಳು ಅವರ ಮೊಣಕಾಲು ಹಿಡಿದು ಕೇಳಿದಳು.

ಈ ಗಳಿಗೆಗೆಂದು ನಾನು ಮಾತು ಕೂಡಿಟ್ಟುಕೊಂಡಿದ್ದೆ. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ ಅಂದುಕೊಂಡು ಅಂದುಕೊಂಡು ಹರಿತ ಮಾಡಿಟ್ಟಿದ್ದ ಮಾತುಗಳು. ಒಂದೂ ಬೇಕಾಗಲಿಲ್ಲ.

"ನಾ ಇದ್ದೆ," ಎಂದೆ ಮಗಳಿಗೆ. "ನೀ ತೊಟ್ಟಲದಾಗ ಇದ್ದಿ."

ಮಗಳು ಅಜ್ಜನ ಮೊಣಕಾಲಿನಿಂದ ಕೈ ತೆಗೆದಳು. ನನ್ನ ಜನ್ಮದಲ್ಲಿ ಅಷ್ಟು ಸಿಹಿಯಾದದ್ದನ್ನು ನಾನು ಉಂಡಿಲ್ಲ. ಹೌದು, ಸಿಹಿಯೇ. ಬೇರೆ ಹೆಸರಿಟ್ಟು ಬರೆಯಲಾರೆ. ಮಾವನವರು ಎದ್ದರು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು, ಯಾರ ಕಡೆಗೂ ನೋಡದೆ ತಮ್ಮ ಕೋಣೆಯ ಕಡೆಗೆ ನಡೆದರು. ಬಾಗಿಲ ಹತ್ತಿರ ಹೋದಾಗ ಅವರ ಕೈ ತಾನಾಗಿಯೇ ಮೇಲೆದ್ದು ಸ್ವಿಚ್ಚು ಒತ್ತಿತು. ಟ್ಯೂಬ್‌ಲೈಟ್ ಆರಿತು. ಟಿವಿಯಲ್ಲಿ ಆ ಬಾಣಂತಿ ಇನ್ನೂ ನಡುಗುತ್ತಾ ನಿಂತಿದ್ದಳು, ಅವಳ ಬೆಳಕಿನಲ್ಲಿ ನಾವೆಲ್ಲ ಕೂತಿದ್ದೆವು.

"ಹಚ್ರಿ ಅದನ್ನ," ಎಂದರು ಅತ್ತೆಯವರು. ಮದುವೆಯಾದಾಗಿನಿಂದ ಗಂಡನಿಗೆ ಎದುರು ಹೇಳದ ಹೆಂಗಸು. "ಒಳಗ ಮಂದಿ ಇದ್ದೀವಿ."

ಮಾವನವರು ತಿರುಗಿ ಬಂದರು. ದೀಪ ಹಚ್ಚಿದರು. ಆಮೇಲೆ ಹೋದರು.

ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಕೂತೆ. ಉಳಿತಾಯದ ಆಟ ಬರೆಯುವವಳು ನಾಚಿಕೊಳ್ಳುವಷ್ಟು ಬಿಸಿನೀರು ಸುರಿದುಕೊಂಡೆ. ಬೇಕೆಂದೇ. ಹೊರಗೆ ಯಾರೂ ಸುಳಿಯಲಿಲ್ಲ. ಅವರು ತಪ್ಪಾಯಿತು ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ನಾನೂ ಕೇಳಿಲ್ಲ. ಬಂದವರ ಮುಂದೆ ಅತ್ತೆಯವರು ಆ ಕಥೆ ಹೇಳುವುದನ್ನು ಮಾತ್ರ ಬಿಟ್ಟಿದ್ದಾರೆ.

ಆಫೀಸಿಗೆ ಹೋದವಳೇ ಮೈಸೂರಿನ ಹುಡುಗಿಗೆ ಹೇಳಿದೆ, ಬಚ್ಚಲ ಬಾಗಿಲಿಗೆ ಕೆಮ್ಮು ವಾಪಸ್ ಹಾಕಿಬಿಡು ಎಂದು.

"ಬೇಡ ಅಂದಿದ್ರಲ್ಲ ಮೇಡಂ?"

"ತಿದ್ದುಪಡಿ ಬಂದಿದೆ. ತಿಳಿದವರು ಹೇಳಿದ್ದಾರೆ, ಒಳಗೆ ಹೆಣ್ಣುಮಗಳಿದ್ದರೆ ಮರ್ಯಾದಸ್ಥರು ಕೆಮ್ಮಿಯೇ ಹೋಗುತ್ತಾರಂತೆ."

ಹಾಕಿದರು. ಈಗ ಆ ಹಂತ ಹಾಗೆಯೇ ಇದೆ. ಅದನ್ನು ಆಡುವ ಶಾಲೆಗಳಲ್ಲೆಲ್ಲ ನನ್ನ ಮಾವನವರ ಕೆಮ್ಮು ಆ ಬಾಗಿಲ ಮುಂದೆ ಕೇಳಿಸುತ್ತದೆ, ಗುರ್ ಗುರ್ ಎರಡು, ಒಣದೊಂದು. ಅದನ್ನು ಕೇಳಿ, ಒಳಗೆ ಯಾರೋ ಇದ್ದಾರೆಂದು ಮುದುಕನಿಗೆ ಗೊತ್ತು ಎಂಬುದನ್ನು ಅರ್ಥಮಾಡಿಕೊಂಡ ಮಕ್ಕಳು ಅವನ ಕೈ ಹಿಡಿಯುತ್ತವೆ, ಉಳಿದವು ಸೋಲುತ್ತವೆ. ಹೊಸದಾಗಿ ಸರಿಮಾಡಿದ ಆಟವನ್ನು ಮನೆಗೆ ತಂದ ದಿನ, ಅಜ್ಜ ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ ಮಗಳು ಆಡಿದಳು. ಮುದುಕ ಬಾಗಿಲಿಗೆ ಬಂದ, ಕೆಮ್ಮಿದ, ಸ್ವಿಚ್ಚಿಗೆ ಕೈ ಎತ್ತಿದ. ಮೊದಲನೆಯ ಸಲಕ್ಕೇ ತಡೆದಳು.